ಪಾಲಾಕ್ಷಪ್ಪನ ತಂಬಿಗೆ

ಕೊಟ್ಟೂರಿನಲ್ಲಿ ಸೌಂಡ್ ಸೆಟ್ಟು ರಿಪೇರಿ ಮಾಡುವ ಪಾಲಾಕ್ಷಪ್ಪ ಆಂಪ್ಲಿಫೈಯರನ್ನು ಕೇಳುವ ಮೊದಲು ಎತ್ತಿ ನೋಡುತ್ತಿದ್ದ. ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವವರ ಹಾಗೆ ಎಡಗೈಯಲ್ಲಿ ತೂಗಿ, ಭಾರವಿದ್ದರೆ ಮೇಜಿನ ಮೇಲಿಡುತ್ತಿದ್ದ. ಹಗುರವಿದ್ದರೆ ತಂದವನ ಕೈಗೇ ಮರಳಿಸುತ್ತಿದ್ದ. ಮೂವತ್ತು ವರ್ಷ ಹೀಗೆ ಎತ್ತಿ ಎತ್ತಿ ಎಡಭುಜ ಇಳಿದು, ಬರಿಗೈಯಲ್ಲಿ ನಡೆಯುವಾಗಲೂ ಪೆಟ್ಟಿಗೆ ಹಿಡಿದವನಂತೆ ವಾಲುತ್ತಿದ್ದ. ಖಾಕಿ ಅಂಗಿಯ ಜೇಬಿಗೆ ಬೆಸುಗೆಯ ಹನಿ ಬಿದ್ದು ತೂತು. ಹೆಂಡತಿ ಸುಕನ್ಯಾ ಎಷ್ಟು ಸಲ ಹೊಲಿದರೂ ಅದೇ ಜಾಗದಲ್ಲಿ ಮತ್ತೆ ತೂತು.

ಮನೆಗೆಂದು ಅವನು ಕಟ್ಟಿದ್ದು ಹದಿನೆಂಟು ಕಿಲೋದ ಸೆಟ್ಟು. ಬೆಳಿಗ್ಗೆ ಸ್ಪೀಕರಿನ ಮೇಲೆ ನೀರು ತುಂಬಿದ ತಂಬಿಗೆ ಇಟ್ಟು ಡೊಳ್ಳಿನ ಹಾಡು ಹಾಕುತ್ತಿದ್ದ. ಡೊಳ್ಳಿನ ಒಂದೊಂದು ಪೆಟ್ಟಿಗೂ ನೀರಲ್ಲಿ ಒಂದೊಂದು ಉಂಗುರ ಎದ್ದರೆ ಬಾಸ್, ಅಂದರೆ ತಗ್ಗಿನ ದನಿ, ಸರಿ. ನೀರು ಕಲಕಿದರೆ ಸೆಟ್ಟಿಗೆ ಶಕ್ತಿ ಸಾಲದು.

"ಡೊಳ್ಳಿನ ಪೆಟ್ಟು ಬಿದ್ದಾಗ ಸಣ್ಣ ಸೆಟ್ಟಿಗೆ ಉಸಿರು ಕಟ್ತೈತಿ. ಕಬ್ಬಿಣ ಇದ್ದಷ್ಟು ಬಾಸು."

"ಆ ಕಬ್ಬಿಣ ಒರಸೋಳು ನಾನು," ಅನ್ನುತ್ತಿದ್ದಳು ಸುಕನ್ಯಾ.

ಹತ್ತು ವರ್ಷ ಅವನ ಪಕ್ಕ ಕೂತು ಕೆಲಸ ಕಲಿತ ಮಾಗಳದ ಹುಲುಗೇಶ್ ಒಮ್ಮೆ ತಾನೇ ಜೋಡಿಸಿದ ಹೊಸ ನಮೂನೆಯ ಆಂಪ್ಲಿಫೈಯರ್ ತಂದ. ಅಂಗೈಯಗಲ. ಪಾಲಾಕ್ಷಪ್ಪ ಎತ್ತಿ ನಕ್ಕ.

"ಇದರಾಗ ರೊಟ್ಟಿ ಕಟ್ಕೊಂಡು ಹೊಲಕ್ಕ ಹೋಗಲೇ."

"ತಂಬಿಗಿ ಇಟ್ಟಾದ್ರೂ ನೋಡ್ರಿ ಮಾವ."

ಇಡಲಿಲ್ಲ. ಹುಲುಗೇಶ್ ಹಡಗಲಿಯಲ್ಲಿ ಬೇರೆ ಅಂಗಡಿ ಹಾಕಿದ. ಮತ್ತೆ ಬಂದದ್ದು ಪಾಲಾಕ್ಷಪ್ಪ ಸತ್ತಾಗ, ಮಣ್ಣಿಗೆ.

ಗಂಡ ಹೋದ ಮೇಲೂ ಸುಕನ್ಯಾ ಬೆಳಿಗ್ಗೆ ಡೊಳ್ಳಿನ ಹಾಡು ಹಾಕುತ್ತಿದ್ದಳು. ಮೂರನೇ ತಿಂಗಳು ದೊಡ್ಡ ಸೆಟ್ಟೂ ಸುಟ್ಟುಹೋಯಿತು. ಬೆಳಗಿನ ಡೊಳ್ಳಿಲ್ಲದ ಮನೆಯಲ್ಲಿ ಸುಕನ್ಯಾಗೆ ಒಲೆ ಹಚ್ಚಲೂ ಮನಸ್ಸಾಗಲಿಲ್ಲ. ತಾನೇ ಹುಲುಗೇಶನಿಗೆ ಫೋನ್ ಮಾಡಿದಳು. ಅವನು ಬಂದು ಬಿಚ್ಚಿ ನೋಡಿದ.

"ಟ್ರಾನ್ಸ್‌ಫಾರ್ಮರ್ ಹೋಗೈತಿ ಅತ್ತಿ. ಇಂಥದ್ದಕ್ಕ ತಂತಿ ಸುತ್ತೋರು ಈಗಿಲ್ಲ."

ಚೀಲದಿಂದ ಆ ಅಂಗೈಯಗಲದ್ದನ್ನೇ ತೆಗೆದ. ಹಳೆಯದು ಅರ್ಧ ಕರೆಂಟನ್ನು ಬರೀ ಬಿಸಿ ಮಾಡಿ ಕಳೆಯುತ್ತಿತ್ತು, ಇದು ಕಳೆಯುವುದಿಲ್ಲ, ಅದಕ್ಕೇ ಅಷ್ಟು ಕಬ್ಬಿಣ ಬೇಡ ಎಂದ. ಅವಳು ಎಡಗೈಯಲ್ಲಿ ಎತ್ತಿದಳು. ಹಗುರ. ಗಂಡ ಇದ್ದಿದ್ದರೆ ಮರಳಿಸುತ್ತಿದ್ದ. ಸ್ವಲ್ಪ ಹೊತ್ತು ಹಾಗೇ ಹಿಡಿದು ನಿಂತಳು. ಆಮೇಲೆ ಅದನ್ನು ಹುಲುಗೇಶನ ಕೈಗೆ ಕೊಟ್ಟು, ಜೋಡಿಸು ಎಂದು ಹೇಳಿ, ಒಳಗೆ ಹೋಗಿ ತಂಬಿಗೆ ತುಂಬಿ ತಂದು ಸ್ಪೀಕರಿನ ಮೇಲಿಟ್ಟಳು.

ಡೊಳ್ಳಿನ ಪೆಟ್ಟು ಬಿತ್ತು. ನೀರಲ್ಲಿ ಉಂಗುರ ಎದ್ದು ಅಂಚಿನ ತನಕ ಹೋಯಿತು. ಮತ್ತೊಂದು ಪೆಟ್ಟು, ಮತ್ತೊಂದು ಉಂಗುರ.

"ಅವರದು ತಪ್ಪಾಗಿತ್ತು ಬಿಡಪ," ಎಂದಳು ಸುಕನ್ಯಾ.

"ತಂಬಿಗಿ ಇಡೋದು ಕಲಿಸಿದ್ದು ಅವರೇ ಅಲ್ಲೇನ್ರಿ," ಎಂದು ಹುಲುಗೇಶ್ ಮುಖ ಆಚೆ ತಿರುಗಿಸಿದ.

ಜೀವಮಾನವೆಲ್ಲ ಭಾರ ಎತ್ತಿದ ಜನ ಹಗುರವಾದದ್ದನ್ನು ನಂಬುವುದಿಲ್ಲ. ಆ ಹಟದಲ್ಲಿ ಹತ್ತಿರದವರನ್ನೂ ನೋಯಿಸುತ್ತಾರೆ. ಆದರೆ ತಮ್ಮ ತಪ್ಪನ್ನು ಅಳೆದು ನೋಡುವ ಪಾತ್ರೆಯನ್ನೂ ಅವರೇ ಮನೆಯಲ್ಲಿ ಇಟ್ಟು ಹೋಗಿರುತ್ತಾರೆ.