ಚಾಂದ್‌ಸಾಬನ ಗಡಿಯಾರದ ಕುಂಟು

ರಿಪೇರಿ ಮಾಡಿದ ಗೋಡೆ ಗಡಿಯಾರವನ್ನು ಗಿರಾಕಿಯ ಕೈಗೆ ಕೊಟ್ಟು ಕಳಿಸುವವರ ಪೈಕಿ ಅಲ್ಲ ಗುರುಲಿಂಗಯ್ಯ. ವಾಡಿಯಲ್ಲಾಗಲಿ, ಶಹಾಬಾದಿನಲ್ಲಾಗಲಿ, ತಾನೇ ಹೊತ್ತೊಯ್ದು, ಮೊಳೆಗೆ ಸಿಕ್ಕಿಸಿ, ಕಿವಿಯಿಟ್ಟು ಕೇಳಿದ ಮೇಲೆಯೇ ಅವನಿಗೆ ಸಮಾಧಾನ. ಲೋಲಕದ ಗಡಿಯಾರ ಅಂಗಡಿ ಗೋಡೆಯ ಮೇಲೆ ಒಂದು ನಡೆ ನಡೆದರೆ ಮನೆ ಗೋಡೆಯ ಮೇಲೆ ಇನ್ನೊಂದು ನಡೆಯುತ್ತದೆ.

ತಾಜುನ್ನಿಸಾಳ ಮನೆಗೂ ಹಾಗೆಯೇ ಬಂದಿದ್ದ. ವಾಡಿ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದ ಅವಳ ಗಂಡ ಚಾಂದ್‌ಸಾಬ ತೀರಿಕೊಂಡು ಐದು ತಿಂಗಳು. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಚಾವಿ ಕೊಡುತ್ತಿದ್ದವನು ಅವನೇ. ಅವನು ತೀರಿಕೊಂಡ ವಾರವೇ ಗಡಿಯಾರ ನಿಂತಿತು. ಅದನ್ನು ಮುಟ್ಟಲು ಅವಳಿಗೆ ಕೈ ಬರಲಿಲ್ಲ. ಕೊನೆಗೊಮ್ಮೆ ಚಾವಿ ಕೊಟ್ಟಾಗ ಒಳಗಿನ ಎಣ್ಣೆ ಅಂಟಾಗಿ ಅದು ಕದಲಲಿಲ್ಲ.

ಅಂಗಡಿಗೆ ತಂದ ದಿನ ಅವಳು ಹೇಳಿದ್ದಳು: “ಆವಾಜ್ ಕೇಳಿದ್ರ ಸಾಕ್ರಿ ಅಯ್ಯನೋರ. ಟೈಮ್ ಮೊಬೈಲ್‌ನ್ಯಾಗ ನೋಡ್ಕೋತೀನಿ.”

ಈಗ ಅವನು ಲೋಲಕವನ್ನು ತೂಗಿಬಿಟ್ಟ. ಟಿಕ್, ಟಿಕ್, ಟಿಕ್. ಎರಡೂ ಕಡೆ ಸಮ. ಹೆಮ್ಮೆಯಿಂದ ತಿರುಗಿದ.

ಅವಳು ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಿದ್ದಳು. “ಇದು ನಮ್ಮ ಗಡಿಯಾರ ಅಲ್ರಿ.”

“ಬದಲಿ ಆಗ್ಲಿಕ್ಕೆ ಇದೇನ್ ದರ್ಗಾದ ಮುಂದ ಬಿಟ್ಟ ಚಪ್ಪಲೇನ್ ಆಪಾ?”

ಅವಳು ನಗಲಿಲ್ಲ. “ನಮ್ಮದು ಕುಂಟತಿತ್ತು. ಟಿಕ್ ಅಂದು, ಜರಾ ತಡೆದು, ಟಕ್ ಅಂತಿತ್ತು. ‘ಅದೂ ನನ್ನಂಗೇ ಡ್ಯೂಟಿಗೆ ಹೊಂಟದ ನೋಡು, ಮನಸಿಲ್ದ’ ಅಂತಿದ್ರು ಅವರು.”

ಗುರುಲಿಂಗಯ್ಯ ಮತ್ತೆ ಗಡಿಯಾರದತ್ತ ತಿರುಗಿದ. ಸುತ್ತಿದ ಸ್ಪ್ರಿಂಗಿಗೆ ಒಂದೇ ಉಸಿರಿಗೆ ಬಿಚ್ಚಿಕೊಳ್ಳುವ ಆತುರ. ಎರಡು ಕಾಲಿನ ಕೊಕ್ಕೆಯೊಂದು ಹಲ್ಲಿನ ಚಕ್ರಕ್ಕೆ ಅಡ್ಡ ನಿಂತಿರುತ್ತದೆ. ಲೋಲಕ ಅತ್ತ ಹೋದಾಗ ಒಂದು ಕಾಲೆತ್ತಿ, ಇತ್ತ ಬಂದಾಗ ಇನ್ನೊಂದು ಕಾಲೆತ್ತಿ, ಚಕ್ರವನ್ನು ಇಷ್ಟಿಷ್ಟೇ ಬಿಡುತ್ತದೆ. ನಮಗೆ ಕೇಳುವುದು ಹಲ್ಲು ಆ ಕಾಲಿಗೆ ಬಡಿಯುವ ಸದ್ದು. ಕೊಕ್ಕೆಯಿಂದ ಲೋಲಕಕ್ಕೆ ಇಳಿದ ಹಿತ್ತಾಳೆ ತಂತಿ ಕೂದಲೆಳೆಯಷ್ಟು ಅತ್ತಿತ್ತ ಬಾಗಿದರೂ ನಡೆ ಕುಂಟುತ್ತದೆ. ಕಸುಬು ಕಲಿತವನು ಅದನ್ನು ಹಾಗೇ ಬಿಡುವುದಿಲ್ಲ. ಅವನೂ ಬಿಟ್ಟಿರಲಿಲ್ಲ. ಯಾರೂ ಹೇಳದೆಯೇ ನೇರ ಮಾಡಿದ್ದ.

“ತಡೀರಿ, ಮತ್ತ ಬಗ್ಗಸ್ತೀನಿ,” ಎಂದು ಗಡಿಯಾರ ಇಳಿಸಿದ. ತಂತಿಯನ್ನು ಹೆಬ್ಬೆರಳಿನಿಂದ ಒತ್ತಿ ಮತ್ತೆ ಏರಿಸಿದ. “ಇದು?”

“ಇಲ್ರಿ. ಇದು ಭಾಳ ಕುಂಟತದ.”

ಮತ್ತೆ ಇಳಿಸಿದ, ಏರಿಸಿದ. “ಇದು?”

“ಹಾಂ... ಅಲ್ರಿ. ಟಕ್ ಅನ್ನೋದು ಇನ್ನ ಜರಾ ತಡವಾಗಿ.”

ಅವಳು ಕಣ್ಣು ಮುಚ್ಚಿ ಚಾಪೆಯ ಮೇಲೆ ಕುಳಿತಳು. ಚಹಾದ ಮೇಲೆ ಕೆನೆ ಕಟ್ಟಿತು. ಐದನೆಯ ಸಲ, ಏಳನೆಯ ಸಲ. ಕೈ ಬೆವೆತು ತಂತಿ ಜಾರುತ್ತಿತ್ತು. ಒಂಬತ್ತನೆಯ ಸಲ ಗಡಿಯಾರ ಎಷ್ಟು ಹೊತ್ತು ಕುಂಟಿದರೂ ಅವಳಿಂದ ಮಾತು ಬರಲಿಲ್ಲ.

“ಇದೇ ಏನ್ರಿ ಆಪಾ?”

ಅವಳು ಕಣ್ಣು ತೆರೆದಳು. “ತಿಳೀವಲ್ದು.”

“ಹಿಂದಿಂದು ಆಗಿತ್ತೇನು? ಅದನ್ನ ಮತ್ತ ಮಾಡ್ಲೇನು?”

“ಬ್ಯಾಡ್ರಿ. ಇಷ್ಟೆಲ್ಲಾ ಕೇಳಿದ ಮ್ಯಾಲ ನಮ್ಮದು ಹೆಂಗಿತ್ತು ಅಂತ ನನಗೇ ನೆನಪಿಗೆ ಬರವಲ್ದು. ನೀವು ಬರೋತನ ಕಿವ್ಯಾಗ ಇತ್ತು ಅಯ್ಯನೋರ.”

ಅವನು ಬೆರಳು ಚಾಚಿ ಲೋಲಕವನ್ನು ಹಿಡಿದು ನಿಲ್ಲಿಸಿದ. ಬಿಡಲು ಧೈರ್ಯ ಸಾಲಲಿಲ್ಲ.