ನುಂಗಿದ ಸೀನು

ನನ್ನ ತಮ್ಮ ಇಪ್ಪತ್ತಾರು ವರ್ಷ ರೇಡಿಯೋದಲ್ಲಿ ವಾರ್ತೆ ಓದಿದವನು. ಅಷ್ಟು ವರ್ಷದಲ್ಲಿ ಮೈಕಿನ ಮುಂದೆ ಒಮ್ಮೆಯೂ ಸೀನಿಲ್ಲ ಎಂಬುದು ಅವನ ಜಂಬ. ಸೀನು ಬಂದರೆ ಮೂಗು ಹಿಡಿದು, ತುಟಿ ಬಿಗಿದು ನುಂಗಿಬಿಡುತ್ತಿದ್ದ. ಮನೆಯಲ್ಲೂ ಅದೇ ಚಾಳಿ. "ಸೀನೋಕೂ ಯಾರನ್ನಾದ್ರೂ ಕೇಳ್ಬೇಕೇನೋ?" ಎಂದು ರೇಗಿಸುತ್ತಿದ್ದೆ.

ಅವನ ಮಿದುಳಿನ ಬುಡದಲ್ಲಿದ್ದ ಗಡ್ಡೆಯನ್ನು ಮೂಗಿನೊಳಗಿಂದಲೇ ಕ್ಯಾಮೆರಾ ತೂರಿಸಿ ತೆಗೆದರು. ತೊಡೆಯ ಕೊಬ್ಬು, ಮೂಗಿನ ಒಳಪೊರೆ ಇಟ್ಟು ತೂತಿಗೆ ತೇಪೆ ಹಾಕಿದರು. ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದ್ದರು: "ಬಗ್ಗಬೇಡಿ, ತಿಣುಕಬೇಡಿ, ಜೋರಾಗಿ ಸಿಂಬಳ ತೆಗೀಬೇಡಿ. ಸೀನು ಬಂದ್ರೆ ಮಾತ್ರ ತಡೀಬೇಡಿ, ಬಾಯಿ ತೆರೆದು ಸೀನಿಬಿಡಿ. ತೇಪೆ ಜರುಗಿದ್ರೆ ಮಿದುಳಿನ ನೀರು ಮೂಗಿಂದ ಸೋರುತ್ತೆ, ನಂಜು ಒಳಗೆ ಹೋಗುತ್ತೆ. ಒಂದು ಹನಿ ಬಂದ್ರೂ ಹೇಳಿ."

ಆಸ್ಪತ್ರೆಯಲ್ಲಿ ಐದು ದಿನ ಹೇಳಿದ ಹಾಗೇ ಕೇಳಿದ. ಆರನೆಯ ದಿನ ಬೆಳಿಗ್ಗೆ ಫೋನಿನಲ್ಲಿ ವಾರ್ತೆ ಹಚ್ಚಿಕೊಂಡ. ಅವನ ಕುರ್ಚಿಯಲ್ಲಿ ಈಗ ಯಾರೋ ಹೊಸಬಳು. ಅವಳು ಓದುತ್ತಿರುವಾಗ ಇವನಿಗೆ ಸೀನು ಬಂತು. ಕೈ ತಾನಾಗಿ ಮೂಗಿಗೆ ಹೋಯಿತು. ನಾನು "ಬಿಡೋ!" ಎನ್ನುವಷ್ಟರಲ್ಲಿ ನುಂಗಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಬಲ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕಿತು. ಟವೆಲಿನಿಂದ ಒರೆಸಿಕೊಂಡು ನನ್ನ ಮುಖ ನೋಡಿದ.

"ನೆಗಡಿ ಕಣಕ್ಕಾ. ಯಾರಿಗೂ ಹೇಳ್ಬೇಡ. ನಾಳೆ ಮನೆಗೆ ಕಳಿಸ್ತಾರೆ. ಇನ್ನೊಂದ್ಸಲ ಆ ಟೇಬಲ್ ಮೇಲೆ ಮಲಗೋ ಶಕ್ತಿ ನಂಗಿಲ್ಲ."

ಅದು ನೆಗಡಿಯಲ್ಲವೆಂದು ನನಗೆ ಗೊತ್ತಿತ್ತು. ಆದರೆ ಅವನು ಹಾಗೆ ಅಂಗಲಾಚಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಬುದ್ಧಿ ಕೆಟ್ಟಿತು, ಯಾರನ್ನೂ ಕರೆಯಲಿಲ್ಲ. ಮಧ್ಯಾಹ್ನ ಅವನ ಮಗಳು ಬಂದಳು. ತಾಯಿಯಿಲ್ಲದ ಅವಳನ್ನು ಸಾಕಿದವಳು ನಾನೇ.

"ಅತ್ತೆ, ಅಪ್ಪ ಯಾಕೆ ಮೂಗು ಒರೆಸ್ಕೋತಾನೇ ಇದ್ದಾರೆ?"

"ನೆಗಡಿ ಕಣೇ," ಎಂದೆ. ಅವಳು ಮತ್ತೆ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಅವನ ಮೈ ಕೆಂಡವಾಗಿತ್ತು, ಕತ್ತು ಸೆಟೆದಿತ್ತು. ನಾನು ಯಾರೆಂದು ಅವನಿಗೆ ತಿಳಿಯಲಿಲ್ಲ. ಡಾಕ್ಟರಮ್ಮ ಓಡಿ ಬಂದರು. "ಯಾವಾಗಿಂದ ನೀರು ಬರ್ತಿದೆ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: "ನೀರಲ್ಲ ಡಾಕ್ಟ್ರೇ, ನಿನ್ನೆಯಿಂದ ನೆಗಡಿ."

ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಮತ್ತೆ ಆಪರೇಷನ್ ಮಾಡಿದರು. ಮೂರನೆಯ ದಿನ ಅವನು ಹೋದ.

ಈಗ ಮಾತಾಡಿಸಲು ಬಂದವರಿಗೆಲ್ಲ ಅವಳು ನನ್ನ ಭುಜ ಹಿಡಿದುಕೊಂಡು, "ನಾವಿಬ್ರೂ ನೆಗಡಿ ಅಂದ್ಕೊಂಡ್ವಿ" ಎನ್ನುತ್ತಾಳೆ. ನಾನು ಅಂದುಕೊಂಡಿರಲಿಲ್ಲ. ಅಂದಿದ್ದೆ.