ಗಾಜಿನ ಕೊಳವೆಯ ಹಳದಿ

ನನ್ನ ತೊಟ್ಟಿಯ ನೀರು ಕೆಟ್ಟಿದೆ ಎಂದು ನರ್ಸ್ ಬಂಗಾರಮ್ಮ ಹೇಳಿದ ದಿನ, ಅವರನ್ನು ಬೇಲಿಯ ಉಣುಗೋಲು ದಾಟಿಸಿ ಕಳಿಸಿಬಿಡಬೇಕು ಎನ್ನುವಷ್ಟು ಸಿಟ್ಟು ಬಂದಿತ್ತು. ನಮ್ಮದು ಕವಲೇದುರ್ಗದ ಬುಡದ ಹಳ್ಳಿ. ಗುಡ್ಡದ ಒರತೆ ನೀರನ್ನು ಸೀಳಿದ ಅಡಿಕೆ ಮರದ ದಂಬೆಯಲ್ಲಿ ತಂದು, ಎಪ್ಪತ್ತೈದರಲ್ಲಿ ನಾನೇ ನಿಂತು ಕಟ್ಟಿಸಿದ ಸಿಮೆಂಟು ತೊಟ್ಟಿಗೆ ಬಿಟ್ಟಿದ್ದೆ. ಅರ್ಧ ನೆಲದೊಳಗೆ, ಅರ್ಧ ಮೇಲೆ. ಬಾಯಿಗೆ ಕಲ್ಲಿನ ಚಪ್ಪಡಿ. ಏಳು ವರ್ಷ ಆ ಚಪ್ಪಡಿ ಎತ್ತಿರಲಿಲ್ಲ. ಮುಚ್ಚಿದ ತೊಟ್ಟಿಗೆ ಕೊಳೆ ಎಲ್ಲಿಂದ ಬರಬೇಕು ಎನ್ನುವುದು ನನ್ನ ವಾದ.

"ನಿಮ್ಮ ಮನೆಯವ್ರಿಗೆ ಕಾಮಾಲೆ. ಈ ನೀರು ಒಯ್ಯೋ ಗುತ್ಯಪ್ಪನ ಮನೇಲಿ ಇಬ್ರಿಗೆ ಕಾಮಾಲೆ. ಬಾವಿ ನೀರು ಕುಡಿಯೋ ಆಚೆ ಮನೇಲಿ ಒಬ್ರಿಗೂ ಇಲ್ಲ. ನೀವೇ ಹೇಳಿ ಗೌಡ್ರೆ" ಎಂದರು ನರ್ಸಮ್ಮ.

"ಬಿಸಿಲಿಗೆ ಬಂದದ್ದು ಅದು."

"ಬಿಸಿಲು ಆಚೆ ಮನೆ ಮೇಲೆ ಬೀಳಲ್ವಾ?"

ಒಳಗೆ ಮಲಗಿದ್ದ ನನ್ನ ಹೆಂಡತಿ ಶಾಂತಮ್ಮ ಅಲ್ಲಿಂದಲೇ ಹೇಳಿದಳು, "ಶುಕ್ರವಾರ ತುಂಗ ಬರ್ತಾಳೆ. ಅದನ್ನ ಹೇಳಿದ್ರಾ?"

ತುಂಗ ನಮ್ಮ ಮಗಳು. ಹಿಂದಿನ ವರ್ಷ ಬ್ಯಾಕೋಡಿಗೆ ಕೊಟ್ಟಿದ್ದೆವು. ಎಂಟು ತಿಂಗಳು ತುಂಬಿ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಅಷ್ಟು ಕೇಳಿದ್ದೇ ನರ್ಸಮ್ಮನ ದನಿ ಇಳಿಯಿತು.

"ತುಂಬಿದ ಬಸುರಿಗೆ ಈ ಕಾಮಾಲೆ ಬಂದ್ರೆ ತಾಯಿ ಉಳಿಯೋದೇ ಕಷ್ಟ. ಇವತ್ತು ಸೋಮವಾರ. ಅಷ್ಟರೊಳಗೆ ತೊಟ್ಟಿ ತೊಳೀರಿ. ಇಲ್ಲಾಂದ್ರೆ ಅವಳಿಗೆ ಬರಬೇಡ ಅಂತ ಹೇಳಿ ಕಳ್ಸಿ."

ಹೇಳಿ ಕಳಿಸುವುದು ಹೇಗೆ? ಹಿನ್ನೀರಿನ ಆಚೆಯ ಊರು. ಕಾಗದ ಮುಟ್ಟುವುದರೊಳಗೆ ಅವಳು ಲಾಂಚು ಹತ್ತಿರುತ್ತಾಳೆ. ಆಚೆ ಮನೆಯ ಬಾವಿ ಬೇಸಿಗೆಯಲ್ಲಿ ಅವರಿಗೇ ಸಾಲದು.

ಮಂಗಳವಾರ ನಾನೂ ನಮ್ಮ ತೋಟದ ಕೆಲಸದ ಗುತ್ಯಪ್ಪನೂ ಹಾರೆ ಹಾಕಿ ಚಪ್ಪಡಿ ಸರಿಸಿ, ತೂಬಿನ ಬಿರಡೆ ಕಿತ್ತೆವು. ನೀರು ಇಳಿದ ಹಾಗೆ ಬಿಸಿಲು ಒಳಗೆ ಬಿತ್ತು. ಬಗ್ಗಿ ನೋಡಿದೆ.

ಈ ಗೋಡೆಯಿಂದ ಆ ಗೋಡೆಯವರೆಗೆ ಬೇರು. ಕೆಂಚು ಬಣ್ಣದ, ನೂಲಿಗಿಂತ ಸಣ್ಣ ಬೇರು, ತಲೆಗೆ ನೀರು ಹಾಕಿಕೊಂಡ ಹೆಂಗಸು ಕೂದಲು ಬಿಚ್ಚಿ ಹರವಿದಂತೆ ಇಡೀ ತೊಟ್ಟಿ ತುಂಬಿತ್ತು. ಇಳಿಯುವ ನೀರಿನ ಜೊತೆ ಅದೆಲ್ಲ ಒಟ್ಟಿಗೆ ಒಂದು ಕಡೆ ವಾಲಿತು.

"ಅತ್ತಿ ಮರದ್ದು ಗೌಡ್ರೆ" ಎಂದ ಗುತ್ಯಪ್ಪ, ಮೆಲ್ಲಗೆ.

ಅತ್ತಿ ಮರ ಇದ್ದದ್ದು ನಲವತ್ತು ಹೆಜ್ಜೆ ಆಚೆ. ನಾನು ಒಳಗಿಳಿದು ಬೇರು ಬಂದ ಜಾಗ ಹುಡುಕಿದೆ. ಬಿರುಕಿಗೆ ನನ್ನ ಉಗುರು ಹೋಗಲಿಲ್ಲ. ಅಲ್ಲಿ ಬೇರು ಕಾಗದದ ಹಾಗೆ ಚಪ್ಪಟೆಯಾಗಿ ನುಸುಳಿ, ಒಳಗೆ ಬಂದ ಮೇಲೆ ಮತ್ತೆ ಹೆಬ್ಬೆರಳು ಗಾತ್ರಕ್ಕೆ ತುಂಬಿಕೊಂಡಿತ್ತು. ಮಣ್ಣಿನ ಕತ್ತಲಲ್ಲಿ, ಕಣ್ಣಿಲ್ಲದ್ದು, ಇಲ್ಲಿ ನೀರಿದೆ ಎಂದು ಅದಕ್ಕೆ ಹೇಳಿದವರು ಯಾರು? ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದೆ. ಕತ್ತಿ ಹಾಕಲು ಕೈ ಬರಲಿಲ್ಲ.

ಆದರೆ ಹಾಕಲೇಬೇಕಿತ್ತು. ಹೊರಗೆ ಬೇರಿನ ಗುಂಟ ಅಗೆಯುತ್ತ ಹೋದರೆ, ತುಂಗನ ಮದುವೆಗೆ ಬೀಗರು ಬರುತ್ತಾರೆಂದು ನಾನೇ ತೋಡಿಸಿದ ಪಾಯಿಖಾನೆ ಗುಂಡಿಯ ಪಕ್ಕದಲ್ಲೇ ಅದು ಹಾದು ಬಂದಿತ್ತು. ಗುಂಡಿಯ ಕೊಳೆ ಬೇರು ಹಿಡಿದು ತೊಟ್ಟಿಗೆ ಇಳಿದಿತ್ತು. ವರ್ಷವಿಡೀ ನಾವು ಕುಡಿದದ್ದು ಅದನ್ನು. ಗುತ್ಯಪ್ಪ ನನ್ನ ಮುಖ ನೋಡಲಿಲ್ಲ. ಅವನ ಮನೆಯಲ್ಲೂ ಇಬ್ಬರು ಮಲಗಿದ್ದರು.

ಗುಂಡಿ ಮುಚ್ಚಿದೆವು. ಬೇರು ಕಡಿದು ಬಿರುಕಿಗೆ ಸಿಮೆಂಟು ಮೆತ್ತಿದೆವು. ತೆಂಗಿನ ನಾರಿನಲ್ಲಿ ಗೋಡೆಯ ಲೋಳೆಯನ್ನು ಉಜ್ಜಿ ತೆಗೆಯುವುದರಲ್ಲಿ ಅಂಗೈ ಸುಲಿಯಿತು. ಬುಧವಾರ ನರ್ಸಮ್ಮ ಬ್ಲೀಚಿಂಗ್ ಪೌಡರ್ ತಂದು ಬಕೆಟ್ಟಿನಲ್ಲಿ ಕದಡಿದರು. ಗುತ್ಯಪ್ಪ ಸೊಂಟದ ಕತ್ತಿ ತೆಗೆದು ಅದರೊಳಗೆ ಅದ್ದಿ, ಅಲಗನ್ನು ಬಿಸಿಲಿಗೆ ಹಿಡಿದು ನೋಡಿದ. ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಮದ್ದು ಹದವಾಯಿತೇ ಎಂದು ನಾವು ನೋಡುವುದು ಹಾಗೆ. ಅಲಗು ಕೆಂಪಾದರೆ ಸುಣ್ಣ ಸಾಲದು.

"ಅದು ಅಡಿಕೆ ಕೊಳೆರೋಗದ ಮದ್ದಿಗೆ ಮಾರಾಯ" ಎಂದು ನರ್ಸಮ್ಮ ನಕ್ಕರು. "ಇದಕ್ಕೆ ಬೇರೆ ಪರೀಕ್ಷೆ ಉಂಟು. ನಾಳೆ ತರ್ತೀನಿ."

ತಿಳಿಯನ್ನು ತೊಟ್ಟಿಗೆ ಸುರಿದು, ನೀರು ತುಂಬಿ ಇಟ್ಟೆವು. ಗುರುವಾರ ಬೆಳಿಗ್ಗೆ ಅದನ್ನೆಲ್ಲ ಖಾಲಿ ಮಾಡಿ ಹೊಸ ನೀರು ಬಿಟ್ಟು, ಅವರು ಹೇಳಿದಷ್ಟೇ ಮದ್ದು ಹಾಕಿದೆ. ಸಂಜೆ ಅವರು ಒಂದು ಗಾಜಿನ ಕೊಳವೆಗೆ ನೀರು ತುಂಬಿ, ಸೀಸೆಯಿಂದ ಎರಡು ಹನಿ ಬಿಟ್ಟರು. ನೀರು ಹಳದಿಯಾಯಿತು.

ಶಾಂತಮ್ಮನ ಕಣ್ಣಿನಲ್ಲಿ ಹದಿನೈದು ದಿನದಿಂದ ನೋಡುತ್ತಿದ್ದ ಅದೇ ಹಳದಿ. ನನಗೆ ತಲೆ ಕೆಟ್ಟಿತು. ಅವರು ಬಾಯಿ ತೆರೆಯುವ ಮೊದಲೇ ಓಡಿ ಬಿರಡೆ ಕಿತ್ತೆ.

"ಇನ್ನೂ ಇದೆ ಕಾಮಾಲೆ" ಎಂದೆ.

"ಗೌಡ್ರೆ, ಬಿರಡೆ ಹಾಕಿ. ಹಾಕಿ ಮೊದ್ಲು. ಹಳದಿ ಬಂದ್ರೆ ಮದ್ದು ಇದೆ ಅಂತ. ನೀರು ಒಳ್ಳೇದು ಅಂತ."

ನೀರಿನ ರಭಸಕ್ಕೆ ಬಿರಡೆ ಮತ್ತೆ ಕೂರಿಸುವಷ್ಟರಲ್ಲಿ ಮುಕ್ಕಾಲು ತೊಟ್ಟಿ ತೋಟದ ಕಪ್ಪುಗಾಲುವೆಗೆ ಹೋಗಿತ್ತು. ಗುತ್ಯಪ್ಪ ನನ್ನನ್ನು ನೋಡಿ, "ಕೇಳಿ ಕಿತ್ತಿದ್ರೆ ಆಗ್ತಿತ್ತು" ಎಂದ. ಬೇರೆ ದಿನವಾಗಿದ್ದರೆ ಅವನಿಗೆ ಎರಡು ಮಾತು ಬೀಳುತ್ತಿತ್ತು. ಅವತ್ತು ಹೋಗಿ ದಂಬೆಗೆ ಅಡ್ಡ ಬಿದ್ದಿದ್ದ ಸೊಪ್ಪು ತೆಗೆದೆ. ಬೇಸಿಗೆಯ ಒರತೆ. ದಾರದ ಹಾಗೆ ಬೀಳುತ್ತಿತ್ತು.

ಶುಕ್ರವಾರ ಮಧ್ಯಾಹ್ನಕ್ಕೆ ನೀರು ಎದೆಮಟ್ಟ ಬಂತು. ಮತ್ತೆ ಮದ್ದು ಹಾಕಿದೆವು. ನಾಲ್ಕು ಗಂಟೆಗೆ ನರ್ಸಮ್ಮ ಕೊಳವೆಯನ್ನು ನನ್ನ ಕೈಗೇ ಕೊಟ್ಟು ಹನಿ ಬಿಟ್ಟರು. ಮೊದಲು ಏನೂ ಇಲ್ಲ. ಬರೀ ನೀರು. ಆಮೇಲೆ ಯಾವ ಕಡೆಯಿಂದ ಎಂದು ತಿಳಿಯದ ಹಾಗೆ, ಎಲ್ಲ ಕಡೆಯಿಂದ, ಬೆಳಗಿನ ಮೊದಲ ಬಿಸಿಲಿನಂತೆ ಒಂದು ತಿಳಿ ಹಳದಿ ಮೂಡಿತು. ಕಣ್ಣಿಗೆ ಕಾಣದ್ದು ಇತ್ತು. ಎರಡು ಹನಿಗೆ ಕಂಡಿತು. ಗುತ್ಯಪ್ಪ ತಲೆಯ ಅಡಿಕೆ ಹಾಳೆಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದ. ನಾಲ್ಕನೇ ಕ್ಲಾಸಿನವರೆಗೆ ಓದಿದ ನನಗೆ ಆ ಕೊಳವೆ ಕೆಳಗಿಡಲು ಮನಸ್ಸಾಗಲಿಲ್ಲ.

"ಎಂತ ನೋಡ್ತಾ ಇದೀರಿ ಅಪ್ಪಯ್ಯ?"

ತುಂಗ. ಬಸ್ಸಿಳಿದು ಗುಡ್ಡ ಹತ್ತಿ ಬಂದಿದ್ದಳು. ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು.

"ನೀರು" ಎಂದೆ.

"ಕೊಡಿ ಮತ್ತೆ. ಗಂಟಲು ಒಣಗಿದೆ."

ನರ್ಸಮ್ಮನನ್ನು ನೋಡಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಚೆಂಬು ತುಂಬಿ ಕೊಟ್ಟೆ. "ಆಸ್ಪತ್ರೆ ವಾಸನೆ" ಎಂದು ಮೂಗು ಮುರಿದವಳು ಪೂರ್ತಿ ಕುಡಿದು ಇನ್ನೊಂದು ಕೇಳಿದಳು.

ಅಲ್ಲಿಂದ ಹೆರಿಗೆಯವರೆಗೆ ಒಂದು ದಿನವೂ ಬಿಡದೆ ಬೆಳಿಗ್ಗೆ ಅವಳನ್ನು ಅಂಗಳದ ಬೆಳಕಿಗೆ ಕರೆದು, ರೆಪ್ಪೆ ಎಳೆದು ಕಣ್ಣು ನೋಡುತ್ತಿದ್ದೆ. "ಎಮ್ಮೆ ಕೊಳ್ಳೋಕೆ ಬಂದೋರ ಹಾಗೆ ಮಾಡ್ತೀರಿ" ಎಂದು ಬಯ್ಯುತ್ತಿದ್ದಳು. ಬಯ್ಯಲಿ. ಕಣ್ಣು ಹಾಲಿನಷ್ಟು ಬೆಳ್ಳಗಿತ್ತು.